ಹೆಗ್ಗಣ, ಭಾಗ ಐದು

ಮಿಲ್ವಾಕಿ
ಜುಲೈ 5, 1992

ಅಮ್ಮಾ,

ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಪೂರ್ತಿ ಆಡಲು ಬಿಡುವುದಿಲ್ಲ, ನಾನೂ ನಿನಗೆ ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದಾಗದು.

ಅಪ್ಪನನ್ನು ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಹ್ಯಾಮ್, ಆಲೂಗಡ್ಡೆ ಸಲಾಡ್ ತಿನ್ನುತ್ತಿದ್ದರಲ್ಲ, ಆಗ ಡೆಲ್ಮರ್ ಹಕ್ ತಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದ. ಊರವರು ತೆಗೆದ ನಾಲ್ಕು ಚಿತ್ರಗಳಲ್ಲಿ ದೈತ್ಯ ಹೆಗ್ಗಣದ ಚರ್ಮದೊಳಗೆ ಹೊಕ್ಕು ಅಪ್ಪನನ್ನು ತಿಂದವನು ಅವನೇ ತಾನೇ. ಭುಜ ತಟ್ಟಿ ಹೇಳಿದ: "ನಿಮ್ಮಪ್ಪ ಈ ಸಲ ಸತ್ತಷ್ಟು ಚೆನ್ನಾಗಿ ಯಾವತ್ತೂ ಸತ್ತಿರ್ಲಿಲ್ಲ ಕಣಮ್ಮ. ಅದಕ್ಕೇ ನಮಗೆ ಗೊತ್ತೇ ಆಗ್ಲಿಲ್ಲ."

ಗೊತ್ತೇ ಆಗಲಿಲ್ಲವಂತೆ! ಬಿಡಿಸಿ ಕೇಳಿದೆ. ನಿಮ್ಮ ಆಟದ ನಿಯಮವನ್ನು ಅವನ ಬಾಯಿಂದಲೇ ಮೊದಲ ಸಲ ಕೇಳಿದೆ. ರೂಡಿ ಅಂಕಲ್ 'ಕಟ್' ಅಂದ ಮೇಲೂ ಅಪ್ಪ ಹೆಣದಂತೆ ಬಿದ್ದಿರಬೇಕು. ಯಾರು ಮೊದಲು ಅವನನ್ನು ಮುಟ್ಟಿ ನೋಡುತ್ತಾರೋ ಅವರು ಸೋತಂತೆ, ಇಡೀ ತಂಡಕ್ಕೆ ಅವರೇ ಬಿಯರ್ ಕೊಡಿಸಬೇಕು. ನಾಲ್ಕು ಭಾಗಗಳಿಂದ ಬಂದ ಪದ್ಧತಿಯಂತೆ. ಹಾಗಾಗಿ ಐದನೆಯ ಭಾಗ ತೆಗೆಯುವಾಗಲೂ ಯಾರೂ ಮುಟ್ಟಲಿಲ್ಲ. ಅಪ್ಪ ಜೋಳದ ಹೊಲದಲ್ಲಿ ಬಿದ್ದಿದ್ದ, ಊರೆಲ್ಲ ಸುತ್ತ ನಿಂತು ಕೈತಟ್ಟಿ ನಗುತ್ತಿತ್ತು. ನಮ್ಮೂರ ಅಗ್ನಿಶಾಮಕ ದಳದ ಹುಡುಗರು, ನಿಂತ ಎದೆಯನ್ನು ಒತ್ತಿ ಹೇಗೆ ನಡೆಸಬೇಕೆಂದು ತರಬೇತಿ ಪಡೆದವರು, ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು ಪಕ್ಕದಲ್ಲೇ ನಿಂತಿದ್ದರು.

ನಾನು ಹೃದ್ರೋಗಿಗಳ ವಾರ್ಡಿನಲ್ಲಿ ನರ್ಸು. ದಿನ ಬೆಳಗಾದರೆ ನಾನು ಮಾಡುವ ಕೆಲಸ ಅದೊಂದೇ. ನಮ್ಮಪ್ಪನಿಗೆ ಮಾತ್ರ ಅದನ್ನು ಯಾರೂ ಮಾಡಲಿಲ್ಲ, ಬಿಯರಿನ ಆಸೆಗೆ.

ಹೌದು, ಅಂದು ಕಾರಿನ ಕೀಲಿಯನ್ನು ಕೈಯಿಂದ ಕೆಳಗಿಡದೆ ಹೊರಟುಬಿಟ್ಟೆ. ಇನ್ನೊಂದು ಗಳಿಗೆ ನಿಂತಿದ್ದರೆ ಡೆಲ್ಮರನ ತಟ್ಟೆಯನ್ನು ಅವನ ಮುಖಕ್ಕೇ ಬಡಿಯುತ್ತಿದ್ದೆ. ಆ ಚಿತ್ರ ನಿಲ್ಲಬೇಕು. ರೀಲು ಸುಡಬೇಕು. ನೀನು ಎಲ್ಲಿಯೂ ಸಹಿ ಹಾಕಬೇಡ.

ನಿನ್ನ ಮಗಳು,
ಕೊರೀನ್


ಕಟ್ಲರ್ಸ್ ಬೆಂಡ್, ನೆಬ್ರಾಸ್ಕ
ಜುಲೈ 14

ಕೊರೀನ್,

ನಿನ್ನ ಕಾಗದ ಬಂತು. ಓದಿದೆ, ಮಡಚಿ ಎಸೆದೆ, ಮತ್ತೆ ಎತ್ತಿ ಓದಿದೆ. ಬರೆಯಲು ಬರುತ್ತದೆ ಎಂದು ಏನು ಬೇಕಾದರೂ ಬರೆಯಬಹುದು ಎಂದುಕೊಂಡೆಯಾ?

ಮೊದಲು ಇದನ್ನು ತಿಳಿದುಕೋ. ಅಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಮಡಚುವ ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದೆ. ಡೆಲ್ಮರನನ್ನು ಬೈಯುವ ಬದಲು ನನ್ನನ್ನು ಬೈ. ಊರವರನ್ನು ಬೈದರೆ ನಾನು ಸುಮ್ಮನಿರುವುದಿಲ್ಲ. ಆ ಅಗ್ನಿಶಾಮಕ ಹುಡುಗರಲ್ಲಿ ಒಬ್ಬ ಅಂದಿನಿಂದ ಕೆಲಸಕ್ಕೆ ಹೋಗಿಲ್ಲ, ಅವನ ಹೆಂಡತಿ ಬಂದು ನನ್ನ ಅಡುಗೆಮನೆಯಲ್ಲಿ ಅತ್ತಳು. ನೀನು ಬಂದು ಅತ್ತೆಯಾ?

ಈಗ ಚಿತ್ರದ ಮಾತು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಭಾಗವನ್ನಾದರೂ ನೀನು ನೋಡಿದ್ದೀಯಾ? ಇಲ್ಲ. ನಿನ್ನ ಆ ಡಾಕ್ಟರ್ ಗೆಳೆಯನ ಮನೆಯವರು ನಿಮ್ಮಪ್ಪ ಏನು ಮಾಡ್ತಾರೆ ಅಂತ ಕೇಳಿದರೆ "ಧಾನ್ಯದ ವ್ಯವಹಾರ" ಅಂದೆಯಂತೆ. ಗೋದಾಮಿನಲ್ಲಿ ಮೂಟೆ ಎತ್ತುವವನು, ಬೇಸಿಗೆಯಲ್ಲಿ ಹೆಗ್ಗಣಕ್ಕೆ ಊಟವಾಗುವವನು ಎನ್ನಲು ನಾಲಿಗೆ ಹೊರಳಲಿಲ್ಲ. ನಿಮ್ಮಪ್ಪನಿಗೆ ಅದು ಗೊತ್ತಾಗಿತ್ತು. ನಾಲ್ಕನೆಯ ಭಾಗ ತೆರೆಕಂಡಾಗ ನಿನಗಾಗಿ ಪಿಕಪ್ ಗಾಡಿಯಲ್ಲಿ ಪಕ್ಕದ ಸೀಟು ಖಾಲಿ ಇಟ್ಟುಕೊಂಡಿದ್ದ, ಅಷ್ಟೇ.

"ಬೆನ್ನ ಮೇಲಿನ ಜಿಪ್ಪು ಕಾಣುತ್ತೆ, ಅದೂ ಒಂದು ಚಿತ್ರವಾ" ಎಂದು ಒಮ್ಮೆ ಪೋಸ್ಟರ್ ನೋಡಿಯೇ ನೀನು ಮೂಗು ಮುರಿದಿದ್ದೆ. ಜಿಪ್ಪು ಎಲ್ಲರಿಗೂ ಕಾಣುತ್ತದೆ ಕಣೇ, ನಾವೇನು ಕುರುಡರೇ? ಹಲ್ಲುಗಳು ಚರಂಡಿ ಪೈಪು ಕತ್ತರಿಸಿ ಮಾಡಿದವು, ಕಣ್ಣು ಹೊರಳುವುದು ಸೈಕಲ್ ಬ್ರೇಕಿನ ತಂತಿಯಿಂದ, ಮೈ ಮೇಲಿನ ಕೂದಲು ನಮ್ಮ ಮನೆಯ ಹಳೆಯ ಕಂಬಳಿ. ಅದು ಎದ್ದು ಬಂದರೆ ಊರಿಗೆ ಊರೇ ಕಿರುಚುತ್ತದೆ, ಹಿಂದೆಯೇ ನಗುತ್ತದೆ. ನಿಮ್ಮಪ್ಪನನ್ನು ನುಂಗಿದ ಕೂಡಲೇ ಬಯಲು ಚಿತ್ರಮಂದಿರದಲ್ಲಿ ನಿಂತ ಕಾರುಗಳೆಲ್ಲ ಹಾರ್ನ್ ಹೊಡೆಯುತ್ತವೆ. ಆಲಿಕಲ್ಲು ಬಿದ್ದು ಬೆಳೆ ಹೋದ ವರ್ಷವೂ ಹೊಡೆದವು. ಮಗ ಸತ್ತ ಮನೆಯವರೂ ಬಂದು ಹೊಡೆದರು. ನಿನ್ನ ಆಸ್ಪತ್ರೆಯಲ್ಲಿ ಸಾವು ಬಂದಾಗ ನಿಮಗೆ ನಗಲು ಆಗುತ್ತದೆಯೇ? ನಮಗೆ ಆಗುತ್ತಿತ್ತು, ಏಕೆಂದರೆ ಮುಂದಿನ ಭಾಗದಲ್ಲಿ ಅವನು ಬರುತ್ತಿದ್ದ. ನಿಮ್ಮಪ್ಪ ಮೊದಲನೆಯದರಲ್ಲಿ ಕಾವಲುಗಾರನಾಗಿ ಸತ್ತ. ಎರಡನೆಯದರಲ್ಲಿ ಮೀಸೆ ಅಂಟಿಸಿಕೊಂಡು ಆ ಕಾವಲುಗಾರನ ಅವಳಿ ತಮ್ಮನಾಗಿ ಬಂದ. ಮೂರನೆಯದರಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೆನಡಾದ ದಾಯಾದಿ. ನಾಲ್ಕರಲ್ಲಿ ನನ್ನ ಲಂಗ ಹಾಕಿಕೊಂಡು ಅವರ ಅತ್ತೆ. ಐದರಲ್ಲಿ ಆ ಮೊದಲ ಕಾವಲುಗಾರನೇ ಬರುತ್ತಾನೆ. ಇಷ್ಟು ವರ್ಷ ಹೆಗ್ಗಣದ ಹೊಟ್ಟೆಯಲ್ಲೇ ಸಂಸಾರ ಹೂಡಿದ್ದನಂತೆ, ಬಾಯಿಂದ ಹೊರಬಂದು ಎಲ್ಲರಿಗೂ ನಮಸ್ಕಾರ ಹೇಳುತ್ತಾನೆ, ಅಷ್ಟರಲ್ಲಿ ಇನ್ನೊಂದು ಹೆಗ್ಗಣ ಬಂದು ನುಂಗುತ್ತದೆ.

ಅದನ್ನು ಸುಡಬೇಕಂತೆ! ಅವನು ಬೆನ್ನು ನೋಯಿಸಿಕೊಂಡು, ಆ ಬಿಸಿಲಿನಲ್ಲಿ ರಬ್ಬರಿನ ಗಂಟಲೊಳಗೆ ತೆವಳಿ ಮಾಡಿದ್ದನ್ನು! ಚಿತ್ರ ಹಂಚುವ ಕ್ಯಾಲಿಫೋರ್ನಿಯದ ಕಂಪನಿಯವರು ಹೆಂಡತಿ, ಮಗಳು ಇಬ್ಬರೂ ಒಪ್ಪಿದರೆ ಮಾತ್ರ ಚಿತ್ರ ಎನ್ನುತ್ತಿದ್ದಾರೆ. ನಾನು ಸಹಿ ಹಾಕಿಯಾಯಿತು. ಒಪ್ಪಿಗೆ ಪತ್ರದ ನಿನ್ನ ಪ್ರತಿ ಇದರೊಳಗಿದೆ. ಹಾಕಿ ಕಳಿಸು, ನಿನ್ನ ಉಪದೇಶ ನಿನ್ನ ಹತ್ತಿರವೇ ಇರಲಿ.

ವೆರ್ನಾ ಟೀಗ್
(ನಿನ್ನ ತಾಯಿ, ಮರೆತಿದ್ದರೆ)


ಮಿಲ್ವಾಕಿ
ಆಗಸ್ಟ್ 2

ಅಮ್ಮಾ,

ಸೀಟಿನ ಮಾತು ಎತ್ತಿದೆಯಲ್ಲ, ಬಹಳ ಚೆನ್ನಾಗಿತ್ತು. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ನಿನಗೆ ಗೊತ್ತಿರುವಷ್ಟು ನಮ್ಮ ವಾರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ.

ನನಗೆ ನಾಚಿಕೆಯಾಗುತ್ತಿತ್ತು, ನಿಜ. ಶಾಲೆಯಲ್ಲಿ ನನ್ನನ್ನು 'ಹೆಗ್ಗಣದ ಊಟದ ಮಗಳು' ಎಂದು ಕರೆಯುತ್ತಿದ್ದರು. ನಿನಗೆ ಹೇಳಿದಾಗ ನೀನು ನಕ್ಕೆ. ನಿನಗೆ ಎಲ್ಲಕ್ಕೂ ನಗು. ನಗಬಾರದ ಜಾಗವೇ ಇಲ್ಲ ಈ ಲೋಕದಲ್ಲಿ ನಿನಗೆ.

ಸಹಿ ಹಾಕುವುದಿಲ್ಲ. ಕ್ಯಾಮೆರಾ ನಿಂತಿರಲಿಲ್ಲ ಎಂದು ಡೆಲ್ಮರ್ ಬಾಯಿ ತಪ್ಪಿ ಹೇಳಿದ್ದಾನೆ. 'ಕಟ್' ಅಂದ ಮೇಲೂ ಓಡುತ್ತಿತ್ತಂತೆ. ಹಾಗಿದ್ದರೆ ಅಪ್ಪ ಬಿದ್ದಾಗಿನಿಂದ ಯಾರೋ ಮುಟ್ಟುವವರೆಗೆ ಏನೇನಾಯಿತೋ ಎಲ್ಲವೂ ಅದರಲ್ಲಿದೆ. ಆ ರೀಲನ್ನು ನಾನು ನೋಡಬೇಕು. ನೋಡಿದರೆ ನನಗೆ ತಿಳಿಯುತ್ತದೆ. ನನಗೆ ಬೇಕಾದದ್ದು ಒಂದೇ ಉತ್ತರ: ಅಪ್ಪನನ್ನು ಉಳಿಸಬಹುದಿತ್ತೋ ಇಲ್ಲವೋ?

ರೂಡಿ ಅಂಕಲ್‌ಗೂ ಬರೆದಿದ್ದೇನೆ.

ಕೊರೀನ್


ಕಟ್ಲರ್ಸ್ ಬೆಂಡ್
ಆಗಸ್ಟ್ 24

ಪ್ರೀತಿಯ ಕೊರೀನ್,

ನಿನ್ನ ಕಾಗದಕ್ಕೆ ಉತ್ತರಿಸಲು ಮೂರು ವಾರ ಹಿಡಿಯಿತು. ನಿರ್ದೇಶಕನೆಂದು ಹೆಸರು, ಆದರೆ ಧೈರ್ಯ ಇಲ್ಲ ನನಗೆ, ಅದು ನಿನಗೂ ಗೊತ್ತು.

ಕ್ಯಾಮೆರಾ ಓಡುತ್ತಿತ್ತು, ಹೌದು. ಚಿತ್ರ ಮುಗಿದು ಹೆಸರುಗಳು ಬರುವಾಗ ಚಿತ್ರೀಕರಣದ ಎಡವಟ್ಟುಗಳನ್ನೆಲ್ಲ ತೋರಿಸುತ್ತೇವಲ್ಲ, ಜನ ಅದಕ್ಕೆಂದೇ ಕಾರು ಹೊರಡಿಸದೆ ಕೂರುತ್ತಾರೆ. ನಿಮ್ಮಪ್ಪ ಹೆಣವಾಗಿ ಬಿದ್ದಿರುವುದು, ಬಿಯರಿನ ಪಂದ್ಯ, ಕೊನೆಗೆ ಯಾರಾದರೂ ಸೋತಾಗ ಅವನು ದಡಕ್ಕನೆ ಎದ್ದು ಕೂರುವುದು, ಇದೆಲ್ಲ ಪ್ರತಿ ಭಾಗದ ಕೊನೆಯಲ್ಲೂ ಇದೆ. ಅದಕ್ಕೇ ನಿಲ್ಲಿಸಲಿಲ್ಲ. ಆಮೇಲೆ ಆ ರೀಲನ್ನು ಡಬ್ಬಿಗೆ ಹಾಕಿ ಟೇಪು ಸುತ್ತಿಟ್ಟಿದ್ದೇನೆ. ನಾನೂ ನೋಡಿಲ್ಲ. ನೋಡಲಾರೆ.

ನಿಜ ಹೇಳಬೇಕೆಂದರೆ ಚಿತ್ರವನ್ನೇ ಕೈಬಿಡೋಣ ಎಂದಿದ್ದೆ. ನಿಮ್ಮಮ್ಮ ಮನೆಗೆ ಬಂದು ಬಾಗಿಲು ಬಡಿದು, "ಏನೋ ರೂಡಿ, ಅವನು ಸತ್ತೂ ಕೆಲಸ ಮುಗಿಸಿ ಹೋದ, ನೀನು ಬದುಕಿದ್ದೂ ಮುಗಿಸಲ್ವಾ?" ಅಂದಳು. ಹೋದ ಶನಿವಾರ ಬಯಲು ಚಿತ್ರಮಂದಿರದಲ್ಲಿ ಅವನ ನೆನಪಿಗೆ ಎರಡನೆಯ ಭಾಗ ಹಾಕಿದೆವು. ಅವನನ್ನು ನುಂಗುವ ಜಾಗ ಬಂದಾಗ ಯಾರೂ ಹಾರ್ನ್ ಹೊಡೆಯಲಿಲ್ಲ. ಒಬ್ಬರೂ ಹೊಡೆಯಲಿಲ್ಲ ಕಣಮ್ಮ. ನಿಮ್ಮಮ್ಮ ಪಿಕಪ್ಪಿನಿಂದ ಇಳಿದು ಕಾರುಗಳ ನಡುವೆ ಓಡಾಡಿ, ಕಿಟಕಿ ಬಡಿದು, "ಒತ್ರೋ, ಏನಾಗಿದೆ ನಿಮಗೆ, ಒತ್ರೋ!" ಎಂದು ಬೈದಳು. ಆಗ ಒಬ್ಬೊಬ್ಬರೇ ಒತ್ತಿದರು. ನನಗೆ ಅದನ್ನು ಕೇಳಲಾಗಲಿಲ್ಲ, ಪ್ರೊಜೆಕ್ಟರ್ ಕೋಣೆಯೊಳಗೆ ಹೋಗಿ ಕೂತೆ.

ರೀಲನ್ನು ವಿಡಿಯೊ ಕ್ಯಾಸೆಟ್ಟಿಗೆ ಹಾಕಿಸಿ ಕಳಿಸುತ್ತೇನೆ. ಪೇಟೆಯ ಅಂಗಡಿಯವನು ತಾನು ನೋಡದೆ ಹಾಕಿಕೊಡುತ್ತೇನೆ ಎಂದಿದ್ದಾನೆ. ವಕೀಲರಿಗೆ ಕೊಡುವುದಿಲ್ಲ ಎಂದು ಒಂದು ಸಾಲು ಬರೆ. ಕೊಡುತ್ತೇನೆ ಎಂದರೂ ಕಳಿಸುತ್ತೇನೆ.

ನಿನ್ನ
ರೂಡಿ ಅಂಕಲ್


ಕಟ್ಲರ್ಸ್ ಬೆಂಡ್
ಸೆಪ್ಟೆಂಬರ್ 13

ಕೊರೀನ್,

ನನ್ನನ್ನು ಕೇಳದೆ ರೂಡಿ ನಿನಗೆ ಅದನ್ನು ಕಳಿಸಿದನಂತೆ. ಇವತ್ತು ಬೆಳಗ್ಗೆ ಚರ್ಚಿನ ಮುಂದೆ ಎಲ್ಲರೆದುರಿಗೇ ಅವನಿಗೆ ಮಾಡಿದ್ದೇನೆ ಮಂಗಳಾರತಿ. ಪಾದ್ರಿಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಯಿತು, ಬಂದಿದೆ ತಾನೇ. ನೋಡು. ಆದರೆ ಅದಕ್ಕೂ ಮೊದಲು ಈ ಪೊಟ್ಟಣದಲ್ಲಿರುವ ನಾಲ್ಕು ಕ್ಯಾಸೆಟ್ಟುಗಳನ್ನು ಒಂದಾದ ಮೇಲೊಂದು ನೋಡು. ಒಬ್ಬಳೇ ಕೂತು ನೋಡಬೇಡ. ಒಬ್ಬರೇ ನೋಡಿದರೆ ಅವು ಬರೀ ಕೆಟ್ಟ ಚಿತ್ರಗಳು. ನಾಲ್ಕು ಜನ ಸೇರಿಸು, ಏನಾದರೂ ತಿನ್ನಲು ಇಟ್ಟುಕೋ. ನಿಮ್ಮಪ್ಪ ಏನು ಮಾಡುತ್ತಿದ್ದ ಎಂದು ಗೊತ್ತಿಲ್ಲದೆ ಅವನು ಕೊನೆಗೆ ಏನು ಮಾಡಿದ ಎಂದು ನೋಡಲು ನಿನಗೆ ಹಕ್ಕಿಲ್ಲ.

ಆಮೇಲೆ ಅದನ್ನು ನೋಡು. ನೋಡಿ ನನಗೆ ಬರೆ.

ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಊರವರ ಮುಂದೆ ಏನೂ ಆಗದವಳಂತೆ ಓಡಾಡುತ್ತೇನೆ, ಡೆಲ್ಮರನಿಗೆ ಸಮಾಧಾನ ಹೇಳುತ್ತೇನೆ, ಮನೆಗೆ ಬಂದರೆ ನನ್ನ ಮಾತು ನನಗೇ ಕೇಳಿಸುತ್ತದೆ. ಅವನು ಬಿದ್ದಿದ್ದಾಗ ನಾನು ಕುರ್ಚಿಯಿಂದ ಕೂಗುತ್ತಿದ್ದೆ: "ಏಳೋ ಮುದುಕ, ನಾನಂತೂ ಸೋಲಲ್ಲ, ಸಂಜೆವರೆಗೂ ಬಿದ್ದಿರು!" ಜನ ಬಿದ್ದು ಬಿದ್ದು ನಕ್ಕರು. ಅದು ಅವನಿಗೆ ಕೇಳಿಸಿತೇ? ಆಗಲೇ ಹೋಗಿಬಿಟ್ಟಿದ್ದನೇ, ಇಲ್ಲ ಕೇಳಿಸಿಕೊಳ್ಳುತ್ತಾ ಬಿದ್ದಿದ್ದನೇ? ಮೂವತ್ತೆಂಟು ವರ್ಷ ಜೊತೆಗಿದ್ದೆ, ಅವನ ಕೊನೆಯ ಗಳಿಗೆಯಲ್ಲಿ ನಾನು ಆಡಿದ ಮಾತು ಅದು.

ನೀನು ಓದಿದವಳು, ನಿನಗೆ ಗೊತ್ತಾಗುತ್ತದೆ. ನನ್ನನ್ನು ಸಮಾಧಾನ ಮಾಡಲು ಹೋಗಬೇಡ, ನನಗೆ ಅದು ಬೇಕಿಲ್ಲ, ನೀನು ಮಾಡಿದ್ದೂ ಇಲ್ಲ. ಇದ್ದದ್ದು ಇದ್ದ ಹಾಗೆ ಬರೆ. ಎಷ್ಟು ಕೋಪವಿದೆಯೋ ಅಷ್ಟೂ ಬರೆ, ಸುಳ್ಳೊಂದು ಬರೆಯಬೇಡ.

ಅಮ್ಮ


ಮಿಲ್ವಾಕಿ
ಅಕ್ಟೋಬರ್ 11

ಅಮ್ಮಾ,

ನೋಡಿದೆ. ಎಲ್ಲವನ್ನೂ ನೋಡಿದೆ.

ನೀನು ಹೇಳಿದಂತೆ ಮೊದಲು ಆ ನಾಲ್ಕನ್ನು ನೋಡಿದೆ. ವಾರ್ಡಿನ ಹುಡುಗಿಯರು ಮೂವರು ಬಂದಿದ್ದರು, ಪಿಜ್ಜಾ ತರಿಸಿದ್ದೆವು. ಮೊದಲ ಅರ್ಧ ಗಂಟೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಡೆಲ್ಮರನ ಬೂಟು ಹೆಗ್ಗಣದ ಕಾಲಿನಿಂದ ಹೊರಗೆ ಕಾಣುತ್ತದೆ ಅಮ್ಮಾ, ಬೂಟು! ಯಾರೂ ಅದನ್ನು ನೋಡಿಕೊಳ್ಳಲಿಲ್ಲವೇ? ಎರಡನೆಯ ಭಾಗದಲ್ಲಿ ಅಪ್ಪ ಮೀಸೆ ಅಂಟಿಸಿಕೊಂಡು ಬಸ್ಸಿನಿಂದ ಇಳಿದನಲ್ಲ, ಆಗ ಒಬ್ಬಳು ಸೋಫಾದಿಂದ ಎದ್ದು ನಿಂತು "ಬಂದ! ನಾನ್ ಹೇಳ್ಲಿಲ್ವಾ, ಬಂದೇ ಬರ್ತಾನೆ ಅಂತ!" ಎಂದು ಕೂಗಿದಳು. ಅಂದು ಬೆಳಗ್ಗೆಯಷ್ಟೇ ಅವಳ ಕೈಯಲ್ಲಿ ಒಬ್ಬ ರೋಗಿ ತೀರಿಕೊಂಡಿದ್ದ. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ನಾಲ್ಕನೆಯದರಲ್ಲಿ ನಿನ್ನ ಹಸಿರು ಲಂಗ ಹಾಕಿಕೊಂಡು ಹೆಗ್ಗಣಕ್ಕೆ ಚೀಲದಿಂದ ಹೊಡೆಯುತ್ತಾನಲ್ಲ, ಅಷ್ಟು ಹೊತ್ತಿಗೆ ನಾವೆಲ್ಲ ನೆಲದ ಮೇಲೆ ಹೊರಳುತ್ತಿದ್ದೆವು. ಅಪ್ಪ ತನ್ನ ಪಕ್ಕದಲ್ಲಿ ಖಾಲಿ ಇಟ್ಟಿದ್ದ ಸೀಟಿನಲ್ಲಿ ನಾನು ಕೂರಬೇಕಿತ್ತು. ನಿನ್ನ ಮೇಲಿನ ಕೋಪ ಹೋಗಿಲ್ಲ, ನನ್ನ ಮೇಲಿನದೂ ಹೋಗಿಲ್ಲ.

ಇನ್ನು ನೀನು ಕೇಳಿದ್ದು. ಅವರು ಹೋದ ಮೇಲೆ ಒಬ್ಬಳೇ ನೋಡಿದೆ. ಕೇಳು: ಹೆಗ್ಗಣ ಅವನನ್ನು ಕಚ್ಚಿ ಮೇಲೆತ್ತುತ್ತದಲ್ಲ, ಆಗಲೇ ಅವನ ಎದೆ ನಿಂತಿತ್ತು. ನೆಲಕ್ಕೆ ಬೀಳುವ ಮೊದಲೇ ಅಪ್ಪ ಹೋಗಿಬಿಟ್ಟಿದ್ದ. ಆಮೇಲೆ ಅವನ ಮೈಯಲ್ಲಿ ಒಂದು ಕೂದಲೂ ಅಲ್ಲಾಡಲಿಲ್ಲ. ಕೆಲವರಿಗೆ ಹಾಗೆ ದೀಪ ಆರಿದಂತೆ ಆಗುತ್ತದೆ. ನಾನು ಪಕ್ಕದಲ್ಲೇ ಇದ್ದಿದ್ದರೂ, ನಮ್ಮ ಆಸ್ಪತ್ರೆಯನ್ನೇ ಎತ್ತಿ ಆ ಹೊಲದಲ್ಲಿ ಇಟ್ಟಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ. ನೀನು ಕೂಗಿದ ಮಾತು ಅವನಿಗೆ ಕೇಳಿಸಿಲ್ಲ. ಅವನು ಕೊನೆಗೆ ಕೇಳಿಸಿಕೊಂಡದ್ದು ನೀವೆಲ್ಲ ನಗುತ್ತಿದ್ದುದನ್ನು, ಅದು ಅವನಿಗೆ ಇಷ್ಟವಾದ ಸದ್ದು. ಡೆಲ್ಮರನಿಗೂ ಆ ಅಗ್ನಿಶಾಮಕ ಹುಡುಗನಿಗೂ ಇದನ್ನು ಓದಿ ಹೇಳು.

ನೀನು ನಿಜ ಬೇಕು ಎಂದೆ, ಬರೆದಿದ್ದೇನೆ. ಈ ಕೆಲಸದಲ್ಲಿ ನಾನು ಸುಳ್ಳು ಹೇಳುವುದಿಲ್ಲ ಎಂದು ನಿನಗೆ ಗೊತ್ತು.

ಸಹಿ ಹಾಕಿದ್ದೇನೆ. ಚಿತ್ರ ತೆರೆ ಕಾಣುವ ದಿನ ಬರುತ್ತೇನೆ. ಪಿಕಪ್ಪಿನ ಮುಂದಿನ ಸೀಟು ನನಗೆ, ಅದರ ಮೇಲೆ ನಿನ್ನ ಸಾಮಾನು ಹೇರಬೇಡ.

ಕೊರೀನ್


ಮಿಲ್ವಾಕಿ
ಅಕ್ಟೋಬರ್ 11

ರೂಡಿ,

ಇನ್ನು ಮೇಲೆ ನಿನ್ನನ್ನು ಅಂಕಲ್ ಎಂದು ಕರೆಯಲು ನನ್ನಿಂದಾಗದು.

ಅಮ್ಮನಿಗೆ ಏನು ಬರೆದಿದ್ದೇನೆ ಎಂದು ಅವಳೇ ನಿನಗೆ ಓದಿ ಹೇಳುತ್ತಾಳೆ. ಹೌದೆಂದು ತಲೆಯಾಡಿಸು. ಅದರಲ್ಲಿ ಸಾವಿನ ಬಗ್ಗೆ ಬರೆದ ಒಂದು ಮಾತೂ ನಿಜವಲ್ಲ.

ನೀನು ನೋಡಲಾರೆ ಎಂದೆಯಲ್ಲ, ಹಾಗಾದರೆ ಓದು. ಅವನು ಬಿದ್ದಾಗ ಬದುಕಿದ್ದ. ನೀನು 'ಕಟ್' ಅಂದಾಗಲೂ ಬದುಕಿದ್ದ. ಎಡಗೈ ಎತ್ತಿ ಯಾರನ್ನೋ ಕರೆದ. ನೀವು ಚಪ್ಪಾಳೆ ತಟ್ಟಿದಿರಿ. ತಲೆ ತಿರುಗಿಸಿ ಅಮ್ಮನ ಕುರ್ಚಿಯ ಕಡೆ ನೋಡಿದ. ಅವಳು ಕೂಗಿದಳು, ಅವನು ಅವಳನ್ನೇ ನೋಡುತ್ತಿದ್ದ, ಕೇಳಿಸಿಕೊಂಡ. ಅವನ ಕಣ್ಣು ಅವಳ ಮಾತಿಗೆ ಹೊರಳಿದ್ದು ಕಾಣುತ್ತದೆ. ಆಮೇಲೆ ಎದೆ ನಿಂತಿತು. ಆಗ ಅವನ ಬಾಯಿ ತೆರೆದು ಮುಚ್ಚಲು ಶುರುವಾಯಿತು, ದಡಕ್ಕೆ ಎಳೆದು ಹಾಕಿದ ಮೀನಿನ ಹಾಗೆ. ಅದು ನಟನೆಯಲ್ಲ. ಎದೆ ನಿಂತವರು ಹಾಗೆ ಮಾಡುತ್ತಾರೆ, ನಾನು ಎಷ್ಟೋ ಸಲ ನೋಡಿದ್ದೇನೆ. ಆ ಹೊತ್ತಿನಲ್ಲಿ ಒಬ್ಬರು ಎದೆಯ ಮೇಲೆ ಕೈಯಿಟ್ಟು ಒತ್ತಲು ಶುರು ಮಾಡಿದ್ದರೆ ಅವನಿಗೆ ಒಂದು ದಾರಿಯಿತ್ತು. ಟೇಪಿನಲ್ಲಿ ಎಲ್ಲಕ್ಕಿಂತ ದೊಡ್ಡ ನಗೆ ಕೇಳುವುದು ಅಲ್ಲಿಯೇ. "ಈ ಸಲ ಮೀನಿನಾಟನೂ ಹಾಕಿದಾನೆ!" ಎಂದು ಕೂಗುವ ದನಿ ನಿನ್ನದು.

ಎಲ್ಲವನ್ನೂ ನಿನ್ನ ತಲೆಗೆ ಕಟ್ಟಿ ಸುಮ್ಮನಾಗೋಣ ಎಂದಿದ್ದೆ. ಆಗಲಿಲ್ಲ. ಏಕೆಂದರೆ ಆ ಬಾಯಿ ತೆರೆದುಕೊಂಡಾಗ ನಾನೂ ನಕ್ಕೆ ರೂಡಿ. ನಾಲ್ಕು ಭಾಗ ನೋಡಿ ಎದ್ದಿದ್ದೆ, ಅವನು ಸತ್ತಿದ್ದಾನೆಂದು ಗೊತ್ತಿತ್ತು, ಇಷ್ಟು ವರ್ಷದ ಕೆಲಸ ಬೆನ್ನಿಗಿತ್ತು, ಆದರೂ ಒಂದು ಗಳಿಗೆ ಅಪ್ಪ ಎಷ್ಟು ಚೆನ್ನಾಗಿ ಮಾಡುತ್ತಾನೆ ಎಂದು ನಕ್ಕುಬಿಟ್ಟೆ.

ಈ ಕಾಗದ ಮುಟ್ಟಿದ ದಿನವೇ ರೀಲು ಸುಡು. ನನ್ನ ಹತ್ತಿರವಿದ್ದ ಕ್ಯಾಸೆಟ್ಟನ್ನು ನಾನು ಆಗಲೇ ಸುಟ್ಟಿದ್ದೇನೆ. ಹೆಗ್ಗಣ ಅವನನ್ನು ನುಂಗುವ ತುಣುಕು ಮಾತ್ರ ಇಟ್ಟುಕೋ. ಚಿತ್ರ ಮುಗಿಸು. ಬೇಸರದ ಸಂಗೀತ ಹಾಕಿದೆಯೋ, 'ಎಲ್ವುಡ್ ಟೀಗ್ ನೆನಪಿಗೆ' ಎಂದು ಕಪ್ಪು ಪರದೆ ತೋರಿಸಿದೆಯೋ, ನಾನು ಅಲ್ಲಿಗೇ ಬಂದು ನಿನ್ನ ಕುತ್ತಿಗೆ ಹಿಸುಕುತ್ತೇನೆ. ನಗಿಸು. ನಮ್ಮಮ್ಮ ಹೊಟ್ಟೆ ಹಿಡಿದುಕೊಂಡು ನಗಬೇಕು.

ನಗುವಾಗ ಅವಳ ಒಂದು ಪಕ್ಕಕ್ಕೆ ನೀನು ಕೂರುತ್ತೀಯ, ಇನ್ನೊಂದು ಪಕ್ಕಕ್ಕೆ ನಾನು. ಅವಳು ನಮ್ಮಿಬ್ಬರ ಮುಖವನ್ನೂ ನೋಡುತ್ತಾಳೆ. ಆಗ ನಾವೂ ನಗಬೇಕು.

ಕೊರೀನ್ ಟೀಗ್